ಹೊಸ ಆವೃತ್ತಿ, ಹಳೆಯ ರೂಢಿ

ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ಮಗನೋ ಮಗಳೋ ಇರುವ ಮನೆಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಹಲವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಂಗಳೂರಿಗೆ ಹೋಗಿ ಪ್ರೋಗ್ರಾಂ ಬರೆಯುವ ಉದ್ಯೋಗ ಹಿಡಿದವರು ಹಬ್ಬಕ್ಕೆಂದು ಊರಿಗೆ ಬಂದಾಗ ಅವರ ಮಾತಿನಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: "ಹೊಸ ಆವೃತ್ತಿ ಬಂದಿದೆ ಫಾದರ್, ಆದರೆ ಹಳೆಯದೇ ವಾಸಿ. ಬದಲಾಯಿಸಲೇಬೇಕೆಂದು ಮೇಲಿನವರ ಹಟ." ಊರಿನಲ್ಲಿಯೇ ಉಳಿದು ಅಂಗಡಿಗೆ, ಮಂಡಿಗೆ, ಸಹಕಾರ ಸಂಘಕ್ಕೆ ಲೆಕ್ಕದ ತಂತ್ರಾಂಶ ಬರೆದುಕೊಡುವವರದು ಇದೇ ದೂರಿನ ಇನ್ನೊಂದು ಮುಖ: "ಇಪ್ಪತ್ತು ವರ್ಷದಿಂದ ನಡೆದುಕೊಂಡು ಬಂದಿದೆ. ಯಾಕೆ ಬಿಡಬೇಕು?"

ಇದರಲ್ಲಿ ನೈತಿಕ ಪ್ರಶ್ನೆ ಎಲ್ಲಿಂದ ಬಂತು ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಕತ್ತಿ ಮೊಂಡಾದರೆ ಸಾಣೆ ಹಿಡಿಸುತ್ತೇವೆ, ಸವೆದರೆ ಬೇರೆಯದನ್ನು ಕೊಳ್ಳುತ್ತೇವೆ. ಅದರಲ್ಲಿ ಪಾಪಪುಣ್ಯದ ಮಾತಿಲ್ಲ. ಆದರೆ ಪ್ರೋಗ್ರಾಂ ಬರೆಯುವ ಭಾಷೆಯೂ ಅದಕ್ಕೆ ಬೇಕಾದ ತಂತ್ರಾಂಶವೂ ಕತ್ತಿಯಂಥವಲ್ಲ. ಹೊಸ ಕತ್ತಿ ಕೊಂಡರೆ ನಿನ್ನೆ ಹೆಚ್ಚಿದ ಹಲಸಿನಹಣ್ಣು ಮತ್ತೆ ಇಡಿಯಾಗುವುದಿಲ್ಲ. ಪ್ರೋಗ್ರಾಂ ಭಾಷೆ ಬದಲಾದರೆ ನಿನ್ನೆ ಬರೆದದ್ದು ಇಂದು ನಿಂತುಹೋಗಬಹುದು. ವರ್ಷಗಟ್ಟಲೆ ಕಲಿತದ್ದು, ಸಾವಿರಾರು ಸಾಲುಗಳಾಗಿ ಬರೆದದ್ದು, ಆ ಸಾಲುಗಳನ್ನು ನಂಬಿ ಇತರರು ನಡೆಸುತ್ತಿರುವ ವ್ಯವಹಾರ, ಇವೆಲ್ಲ ಅದರ ಮೇಲೆ ನಿಂತಿರುತ್ತವೆ. ಒಬ್ಬರ ದುಡಿಮೆಯನ್ನು ಇನ್ನೊಬ್ಬರ ತೀರ್ಮಾನ ವ್ಯರ್ಥಗೊಳಿಸುವ ಕಡೆ ನ್ಯಾಯದ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವ ಉದಾಹರಣೆ ವಿಷುಯಲ್ ಬೇಸಿಕ್. ಮೈಕ್ರೋಸಾಫ್ಟ್ ಸಂಸ್ಥೆ 1991ರಲ್ಲಿ ಹೊರತಂದ ಈ ತಂತ್ರಾಂಶದ ಆರನೆಯ ಆವೃತ್ತಿ 1998ರಲ್ಲಿ ಬಂದಿತು. ಅದರ ಸೊಗಸು ಅದರ ಸರಳತೆಯಲ್ಲಿತ್ತು. ಪರದೆಯ ಮೇಲೆ ಒಂದು ಗುಂಡಿಯನ್ನು ಮೌಸಿನಿಂದ ಎಳೆದಿಟ್ಟು, ಅದನ್ನು ಒತ್ತಿದಾಗ ಏನಾಗಬೇಕೆಂದು ನಾಲ್ಕು ಸಾಲು ಬರೆದರೆ ಸಾಕು, ಒಂದು ಸಣ್ಣ ಪ್ರೋಗ್ರಾಂ ಸಿದ್ಧ. ಎಂಜಿನಿಯರಿಂಗ್ ಓದದ ಲೆಕ್ಕಿಗರು, ಶಾಲಾ ಶಿಕ್ಷಕರು, ಬಿ.ಕಾಂ. ಮುಗಿಸಿ ಊರಲ್ಲೇ ನಿಂತ ತರುಣರು ತಮ್ಮ ಕೆಲಸಕ್ಕೆ ಬೇಕಾದುದನ್ನು ತಾವೇ ಬರೆದುಕೊಳ್ಳಲು ಅದರಿಂದ ಧೈರ್ಯ ಬಂತು. ನಮ್ಮ ಸಣ್ಣ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳ ಬೋರ್ಡಿನ ಮೇಲೆ ಆ ಹೆಸರು ಇದ್ದೇ ಇರುತ್ತಿದ್ದ ಕಾಲ ಅದು.

2002ರಲ್ಲಿ ಮುಂದಿನ ಆವೃತ್ತಿ ಬಂದಾಗ ಹೆಸರಿಗೆ 'ಡಾಟ್ ನೆಟ್' ಎಂಬ ಬಾಲ ಸೇರಿತ್ತು. ಹೆಸರು ಬಹುಮಟ್ಟಿಗೆ ಹಳೆಯದು, ಒಳಗಿನದೆಲ್ಲ ಹೊಸದು. ಹಳೆಯ ಊರಿನ ಹೆಸರಿಟ್ಟುಕೊಂಡು ಬೇರೆ ಊರನ್ನೇ ಕಟ್ಟಿದಂತೆ. ಹಳೆಯ ಪ್ರೋಗ್ರಾಮನ್ನು ಹೊಸದಕ್ಕೆ ಪರಿವರ್ತಿಸುವ ಒಂದು ಸಾಧನವನ್ನೂ ಕೊಟ್ಟಿದ್ದರು. ಅದು ತನಗೆ ಬಗೆಹರಿಯದ ಕಡೆಗಳಲ್ಲಿ 'ಇಲ್ಲಿ ಸಮಸ್ಯೆಯಿದೆ, ನೀವೇ ನೋಡಿಕೊಳ್ಳಿ' ಎಂಬ ಅರ್ಥದ ಟಿಪ್ಪಣಿ ಬರೆದು ಮುಂದೆ ಸಾಗುತ್ತಿತ್ತು. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ತಪ್ಪಿದ ಸಾಲನ್ನು ಅಲ್ಲಿಯೇ ತಿದ್ದಿ ಮುಂದುವರಿಸುವ ಸೌಕರ್ಯ ಹಳೆಯದರಲ್ಲಿ ಇತ್ತು, ಹೊಸದರ ಮೊದಲೆರಡು ಆವೃತ್ತಿಗಳಲ್ಲಿ ಇರಲಿಲ್ಲ. 2005ರ ಆವೃತ್ತಿಯಲ್ಲಿ ಮರಳಿ ಬಂತು. ಬರೆದ ಪ್ರೋಗ್ರಾಂ ಬೇರೊಬ್ಬರ ಕಂಪ್ಯೂಟರಿನಲ್ಲಿ ಓಡಬೇಕಾದರೆ ಇಪ್ಪತ್ತು ಎಂಬಿಗೂ ಮಿಕ್ಕ ಒಂದು ಅಡಿಪಾಯವನ್ನು ಮೊದಲು ಅಲ್ಲಿ ಸ್ಥಾಪಿಸಬೇಕಿತ್ತು. ಇಂದು ಅದು ನಗೆಯ ಮಾತು. ದೂರವಾಣಿ ತಂತಿಯ ಮೂಲಕ ಇಂಟರ್‌ನೆಟ್ ಬರುತ್ತಿದ್ದ ಆ ದಿನಗಳಲ್ಲಿ ಅಷ್ಟನ್ನು ಇಳಿಸಿಕೊಳ್ಳುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಸಂಸ್ಥೆಯ ಕಡೆಗೂ ನ್ಯಾಯ ಸಲ್ಲಬೇಕು. ಜಾಲದ ಮೂಲಕ ಒಂದಕ್ಕೊಂದು ಮಾತಾಡುವ ಕಂಪ್ಯೂಟರುಗಳ ಯುಗಕ್ಕೆ ಹಳೆಯ ಭಾಷೆಯ ಕಟ್ಟು ಸಾಲದಾಗಿತ್ತು. ಜಾವಾ ಭಾಷೆಯ ಪೈಪೋಟಿ ಎದುರಿಗಿತ್ತು. ಹಳೆಯದರಲ್ಲಿ ಸಾಮಾನ್ಯ ಪೂರ್ಣಾಂಕವೊಂದು 32,767ನ್ನು ದಾಟಿದರೆ ಪ್ರೋಗ್ರಾಂ ಮುಗ್ಗರಿಸುತ್ತಿತ್ತು, ಹೊಸದರಲ್ಲಿ ಅದರ ಮಿತಿ ಇನ್ನೂರು ಕೋಟಿಯನ್ನು ಮೀರಿತು. ಕಾರಣವಿಲ್ಲದ ಬದಲಾವಣೆ ಅದಾಗಿರಲಿಲ್ಲ. ಆದರೂ 2005ರ ಮಾರ್ಚಿನಲ್ಲಿ, ಆ ಸಂಸ್ಥೆಯೇ ಪರಿಣತರೆಂದು ಗೌರವಿಸಿದ್ದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸೇರಿ, ಹಳೆಯ ಭಾಷೆಯನ್ನು ಮುಂದುವರಿಸಬೇಕೆಂದು ಮನವಿ ಸಲ್ಲಿಸಿದರು. ಮನವಿ ಫಲಿಸಲಿಲ್ಲ. 2008ರ ಏಪ್ರಿಲಿನಲ್ಲಿ, ಆರನೆಯ ಆವೃತ್ತಿಯಲ್ಲಿ ಪ್ರೋಗ್ರಾಂ ಬರೆಯುವ ತಂತ್ರಾಂಶಕ್ಕೆ ಸಂಸ್ಥೆಯ ಬೆಂಬಲ ಪೂರ್ತಿ ನಿಂತಿತು. ಇನ್ನೂ ಒಂದು ಮಾತಿದೆ. 2020ರ ಮಾರ್ಚಿನಲ್ಲಿ ಅದೇ ಸಂಸ್ಥೆ, ಹೊಸ ವಿಷುಯಲ್ ಬೇಸಿಕನ್ನೂ ಭಾಷೆಯಾಗಿ ಇನ್ನು ಬೆಳೆಸುವ ಯೋಜನೆ ತನಗಿಲ್ಲವೆಂದು ಪ್ರಕಟಿಸಿತು. ಕಷ್ಟಪಟ್ಟು ಹೊಸ ಊರಿಗೆ ಗಾಡಿ ಕಟ್ಟಿದವರಿಗೂ ಅಲ್ಲಿ ಹೊಸ ಬೀದಿಗಳು ಏಳಲಾರವೆಂದು ತಿಳಿಯಿತು. ಹಳೆಯದರಲ್ಲಿ ಬರೆದ ಪ್ರೋಗ್ರಾಮುಗಳನ್ನು ಓಡಿಸುವ ಕಡತವಾದರೋ ಇಂದಿನ ವಿಂಡೋಸ್ 11ರಲ್ಲಿಯೂ ಇದೆ. ಬಿಟ್ಟು ಹೋಗದವರು ಆಗ ನಕ್ಕಿರಬೇಕು. ನಗುವ ಹಕ್ಕು ಅವರಿಗಿತ್ತು.

ಇಲ್ಲಿ ಸಂಸ್ಥೆ ಮಾತು ತಪ್ಪಿತೇ? ಕಾಗದದ ಮೇಲಿನ ಒಪ್ಪಂದ ನೋಡಿದರೆ ಇಲ್ಲ. ಎಂದೆಂದಿಗೂ ನಡೆಸಿಕೊಡುತ್ತೇವೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಹಳೆಯ ಚರ್ಚೆಯನ್ನು ನೆನಪಿಸಿಕೊಳ್ಳಬೇಕು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ಯಾರಿಗೂ ಇದು ಪರಿಚಿತವೇ, ಆದರೆ ಕಂಪ್ಯೂಟರಿಗೆ ಇದನ್ನು ಯಾರೂ ಹಚ್ಚಿ ನೋಡಿದಂತಿಲ್ಲ.

ಅರಿಸ್ಟಾಟಲನು 'ರಾಜನೀತಿ' ಎಂಬ ಗ್ರಂಥದ ಎರಡನೆಯ ಭಾಗದಲ್ಲಿ, ಇರುವುದಕ್ಕಿಂತ ಉತ್ತಮವಾದ ಕಾನೂನು ಕಂಡರೆ ಹಳೆಯದನ್ನು ಬದಲಾಯಿಸಬೇಕೇ ಎಂದು ಕೇಳಿಕೊಳ್ಳುತ್ತಾನೆ. ವೈದ್ಯಕೀಯ ಮೊದಲಾದ ವಿದ್ಯೆಗಳು ಹಳೆಯ ಪದ್ಧತಿಯನ್ನು ಬಿಟ್ಟುಕೊಟ್ಟೇ ಬೆಳೆದವು, ಕಾನೂನೂ ಹಾಗೆಯೇ ಬದಲಾಗಲಿ ಎಂಬುದು ಒಂದು ವಾದ. ಆತನ ಉತ್ತರ ಸೂಕ್ಷ್ಮವಾದುದು. ಕಾನೂನಿಗೂ ವಿದ್ಯೆಗೂ ಹೋಲಿಕೆ ಸರಿಯಲ್ಲ. ಕಾನೂನು ಜನರನ್ನು ನಡೆಸುವುದು ರೂಢಿಯ ಬಲದಿಂದ, ರೂಢಿ ಬೆಳೆಯುವುದಕ್ಕೆ ದೀರ್ಘಕಾಲ ಬೇಕು, ಆದ್ದರಿಂದ ಸುಲಭವಾಗಿ ಬದಲಾಯಿಸುತ್ತ ಹೋದರೆ ಕಾನೂನಿನ ಬಲವೇ ಕುಗ್ಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವೀನಾಸರು ಇದನ್ನೇ ಎತ್ತಿಕೊಂಡು ಇನ್ನಷ್ಟು ಬಿಗಿಗೊಳಿಸಿದರು. ಬದಲಾವಣೆ ಎಂಬುದೇ ತನ್ನಷ್ಟಕ್ಕೆ ಒಂದು ಹಾನಿ, ಏಕೆಂದರೆ ಅದು ರೂಢಿಯನ್ನು ಮುರಿಯುತ್ತದೆ. ಹಾಗೆ ಮುರಿದದ್ದರ ನಷ್ಟವನ್ನು ಹೊಸದರಿಂದ ಬರುವ ಲಾಭ ತುಂಬಿಕೊಡುವಂತಿದ್ದರೆ ಮಾತ್ರ ಬದಲಾಯಿಸಬೇಕು, ಇಲ್ಲದಿದ್ದರೆ ಕೂಡದು. ಹೊಸದು ಹಳೆಯದಕ್ಕಿಂತ ಒಂದು ಗುಲಗಂಜಿ ಹೆಚ್ಚು ಒಳ್ಳೆಯದಿದ್ದರೆ ಸಾಲದು ಎಂಬುದು ಇದರ ತಾತ್ಪರ್ಯ. ಕಳೆದುಕೊಂಡದ್ದರ ತೂಕವನ್ನೂ ತಕ್ಕಡಿಯಲ್ಲಿಡಬೇಕು.

ಹಾಗಾದರೆ ಪ್ರೋಗ್ರಾಂ ಭಾಷೆ ವಿದ್ಯೆಯೋ ಕಾನೂನೋ? ಅದು ಎರಡೂ ಹೌದು, ಮತ್ತು ತೊಂದರೆ ಹುಟ್ಟುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ತಯಾರಿಸುವವರಿಗೆ ಅದು ವಿದ್ಯೆ. ಉತ್ತಮವಾದುದು ಹೊಳೆದ ಕೂಡಲೇ ತಿದ್ದಬೇಕೆಂಬ ಉತ್ಸಾಹ ಅವರದು, ಅದು ತಪ್ಪೂ ಅಲ್ಲ. ಬಳಸುವವರಿಗೆ ಅದು ಕಾನೂನು. ಬೆರಳುಗಳು ಅದಕ್ಕೆ ಒಗ್ಗಿವೆ, ಯೋಚನೆ ಅದರ ಜಾಡಿನಲ್ಲಿ ಹರಿಯುತ್ತದೆ, ಬರೆದದ್ದೆಲ್ಲ ಅದರ ವಿಧಿಗಳಿಗೆ ಬದ್ಧವಾಗಿದೆ. ತಯಾರಕರು ತಾವು ಕತ್ತಿಯನ್ನು ಬದಲಾಯಿಸುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಬಳಕೆದಾರರ ಪಾಲಿಗೆ ದೇಶದ ಕಾನೂನೇ ರಾತ್ರೋರಾತ್ರಿ ಬದಲಾಗಿರುತ್ತದೆ. ಕಾನೂನು ಮಾಡುವ ಅಧಿಕಾರ ತನ್ನ ಕೈಯಲ್ಲಿದೆ ಎಂದು ಅರಿಯದೆಯೇ ಅದನ್ನು ಚಲಾಯಿಸುವವನು, ಅರಿತು ಚಲಾಯಿಸುವವನಿಗಿಂತ ಹೆಚ್ಚು ಗಾಯ ಮಾಡುವುದುಂಟು.

ಸಂತ ಥಾಮಸರ ತಕ್ಕಡಿಯಲ್ಲಿ ತೂಗಿದರೆ ಗೆಲ್ಲುವ ಬದಲಾವಣೆಗಳೂ ಇವೆ. ಪೈಥಾನ್ ಎಂಬ ಭಾಷೆಯ ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂದಾಗ ಅದೂ ಹಳೆಯ ಪ್ರೋಗ್ರಾಮುಗಳೊಡನೆ ಹೊಂದಿಕೊಳ್ಳುತ್ತಿರಲಿಲ್ಲ. ಗೊಣಗಾಟ ಕಡಿಮೆಯಿರಲಿಲ್ಲ. ಆದರೆ ಮುರಿದದ್ದಕ್ಕೆ ಇದ್ದ ಮುಖ್ಯ ಕಾರಣಗಳಲ್ಲಿ ಒಂದು ನಮಗೆ ನೇರವಾಗಿ ಸಂಬಂಧಪಟ್ಟದ್ದು. ಹಳೆಯ ಪೈಥಾನಿನಲ್ಲಿ ಸಾಮಾನ್ಯ ಪಠ್ಯವೆಂದರೆ ಇಂಗ್ಲಿಷಿನ ಅಕ್ಷರಗಳು ಎಂಬುದೇ ಮೂಲ ಊಹೆ. ಕನ್ನಡದ ಒಂದು ಹೆಸರನ್ನು ಅದಕ್ಕೆ ಕೊಟ್ಟರೆ ಎಲ್ಲಿಯೋ ಒಂದು ಕಡೆ ಅದು ಮುಗ್ಗರಿಸುವುದು ನಿಶ್ಚಿತ. ಹೊಸದರಲ್ಲಿ ಪ್ರಪಂಚದ ಎಲ್ಲ ಲಿಪಿಗಳಿಗೂ ಸ್ಥಾನವಿರುವ ಯೂನಿಕೋಡ್ ಪಠ್ಯವೇ ಸಹಜ ಸ್ಥಿತಿಯಾಯಿತು. ಮನೆಯ ಮುಂಬಾಗಿಲಿನಿಂದ ಕೆಲವರಿಗೆ, ಹಿತ್ತಲಿನಿಂದ ಉಳಿದವರಿಗೆ ಪ್ರವೇಶ ಎಂಬ ಏರ್ಪಾಡು ಹೋಗಿ ಎಲ್ಲರೂ ಮುಂಬಾಗಿಲಿಗೇ ಬಂದರು. ಇದು ನಷ್ಟವನ್ನು ತುಂಬಿಕೊಡುವ ಲಾಭ.

ಅವರು ಕಾಲಾವಕಾಶವನ್ನೂ ಕೊಟ್ಟರು. ಹಳೆಯ ಸಾಲಿನ ಕೊನೆಯ ಆವೃತ್ತಿಯಾದ 2.7 ಹೊರಬಂದದ್ದು ಹೊಸದು ಬಂದಮೇಲೆ, 2010ರಲ್ಲಿ. ಅದನ್ನು 2015ರವರೆಗೆ ನೋಡಿಕೊಳ್ಳುವುದಾಗಿ ಹೇಳಿದವರು, ಜನರು ಇನ್ನೂ ಸಿದ್ಧರಿಲ್ಲವೆಂದು ಕಂಡು 2020ರ ಜನವರಿ 1ರವರೆಗೆ ವಿಸ್ತರಿಸಿದರು. ನಡುವೆ 2012ರಲ್ಲಿ, ಹೊಸದರಿಂದ ಕಿತ್ತುಹಾಕಿದ್ದ ಒಂದು ಹಳೆಯ ಬರೆಹಕ್ರಮವನ್ನು, ಕೇವಲ ಹಳಬರ ದಾರಿ ಸುಗಮವಾಗಲೆಂದು ಮರಳಿ ಸೇರಿಸಿದರು. ದೊಡ್ಡಸ್ತಿಕೆ ಬಿಟ್ಟು ಹೀಗೆ ಒಂದು ಹೆಜ್ಜೆ ಹಿಂದಿಡುವುದು ಕಾನೂನು ಮಾಡುವವರಲ್ಲಿ ವಿರಳ. ಆದರೂ ಮೊದಲ ಕೆಲವು ವರ್ಷ ಹಳೆಯದರಲ್ಲೇ ಉಳಿದವರನ್ನು ಹಟಮಾರಿಗಳೆನ್ನಲಾಗದು. ಅವರಿಗೆ ಬೇಕಾದ ಇತರ ಗ್ರಂಥಾಲಯಗಳು (ಪ್ರೋಗ್ರಾಮಿಗರು ಸಿದ್ಧಸಾಲುಗಳ ಸಂಗ್ರಹವನ್ನು ಹೀಗೆ ಕರೆಯುತ್ತಾರೆ) ಇನ್ನೂ ಹೊಸದಕ್ಕೆ ಬಂದಿರಲಿಲ್ಲ. ಕಾದದ್ದು ವಿವೇಕ. 2019ರಲ್ಲಿಯೂ ಹೊಸದರ ಕಡೆ ತಿರುಗಿ ನೋಡದವರ ವಿಷಯ ಬೇರೆ.

ಇಷ್ಟು ಹೊತ್ತು ತಯಾರಕರ ಕರ್ತವ್ಯದ ಮಾತಾಯಿತು. ಬಿಡದೆ ಉಳಿದವರ ಕಡೆಗೆ ಬರೋಣ. ಹಳೆಯದು ಎಂಬುದೇ ದೋಷವಲ್ಲ, ಇದನ್ನು ಹಿರಿಯೂರಿನವರಿಗೆ ಹೇಳಬೇಕಾಗಿಲ್ಲ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಅಣೆಕಟ್ಟೆಯನ್ನು ಹಳತಾಯಿತೆಂದು ಯಾರೂ ಕೆಡವಲಿಲ್ಲ. 1933ರ ಬಳಿಕ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ಮಾರಿಕಣಿವೆಗೆ ಜನ ಜಾತ್ರೆಯಂತೆ ಹೋದರು. ಆದರೆ ಅದು ಉಳಿದದ್ದು ಯಾರೂ ಕೈಹಚ್ಚದೆ ಇದ್ದುದರಿಂದಲ್ಲ. ನೋಡಿಕೊಳ್ಳುವವರು ತಲೆಮಾರಿನಿಂದ ತಲೆಮಾರಿಗೆ ಇದ್ದರು, ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ಈಗ ಅದೇ ಹಳೆಯ ಕಟ್ಟೆಗೆ ತಂದು ಸೇರಿಸಲಾಗುತ್ತಿದೆ.

ಗುರುಮಠದಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದವರು ತತ್ವ ಹೇಳಿ ಮುಗಿಸಿದ ಮೇಲೆ ಒಂದು ಪ್ರಕರಣ ಕೊಟ್ಟು ಬಿಡಿಸಿರಿ ಎನ್ನುತ್ತಿದ್ದರು. ನಾವೂ ಒಂದು ಪ್ರಕರಣವನ್ನು ಊಹಿಸಿಕೊಳ್ಳೋಣ. ಭೀಮಸಮುದ್ರದ ಒಂದು ಅಡಿಕೆ ಮಂಡಿಗೆ 2001ರಲ್ಲಿ ಒಬ್ಬರು ವಿಷುಯಲ್ ಬೇಸಿಕ್ ಆರರಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದಾರೆ. ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಬರುವ ರೈತರ ಹೆಸರು, ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ ಎಂದು ಬೇರೆಬೇರೆಯಾಗಿ ತೂಕ ಮತ್ತು ಧಾರಣೆ, ಹಮಾಲಿ, ಮೊದಲೇ ಕೊಟ್ಟ ಮುಂಗಡ, ಕೊನೆಗೆ ಕೈಗೆ ಬರುವ ಮೊತ್ತ, ಎಲ್ಲವೂ ಒಂದು ಚೀಟಿಯಲ್ಲಿ ಮುದ್ರಣವಾಗಿ ಬರುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಅವರು ಕೆಲವು ರಾತ್ರಿ ನಿದ್ದೆಗೆಟ್ಟು ಹೊಸ ಅಂಕಣಗಳನ್ನು ಸೇರಿಸಿದ್ದಾರೆ. ಮಂಡಿಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2014ರ ಏಪ್ರಿಲಿನಲ್ಲಿ. ತೆರಿಗೆಯ ಜಾಲತಾಣವನ್ನು ತೆರೆಯಲು ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದ ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಿ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸಲ್ಲಿಸುವ ಪದ್ಧತಿ. ಇವರು ಹೊಸ ಭಾಷೆಯನ್ನು ಎರಡು ಸಲ ಪ್ರಯತ್ನಿಸಿ, ಬೇಸರಗೊಂಡು ಕೈಬಿಟ್ಟಿದ್ದಾರೆ. ಇವರು ಮಾಡಿದ್ದು ಸರಿಯೇ?

ಮೊದಲ ನೋಟಕ್ಕೆ ಸರಿ ಎನ್ನಬೇಕು. ನಡೆಯುತ್ತಿರುವುದನ್ನು ಕಿತ್ತು ಮೊದಲಿನಿಂದ ಬರೆಯುವುದು ಹೊರಗಿನವರಿಗೆ ಕಾಣುವಷ್ಟು ಸುಲಭವಲ್ಲ. ಒಂದು ಕಾಲಕ್ಕೆ ಜಾಲತಾಣ ನೋಡಲು ಎಲ್ಲರೂ ಬಳಸುತ್ತಿದ್ದ ನೆಟ್‌ಸ್ಕೇಪ್, ಹಳೆಯ ಸಾಲುಗಳನ್ನು ಬದಿಗಿಟ್ಟು ಹೊಸದಾಗಿ ಬರೆಯಲು ಹೊರಟು, 1997ರ ನಾಲ್ಕನೆಯ ಆವೃತ್ತಿಯ ನಂತರದ್ದನ್ನು 2000ದ ಕೊನೆಯಲ್ಲಿ ಹೊರತಂದಿತು. ಐದನೆಯದು ಬರಲೇ ಇಲ್ಲ, ಆರನೆಯದು ಬಂದಾಗ ಮೆಚ್ಚುವವರಿರಲಿಲ್ಲ. ಅಷ್ಟರಲ್ಲಿ ಬಳಕೆದಾರರು ಬೇರೆ ಕಡೆ ಹೋಗಿದ್ದರು. ಹಳೆಯ ಪ್ರೋಗ್ರಾಮಿನ ಪ್ರತಿಯೊಂದು ವಿಚಿತ್ರ ಸಾಲಿನ ಹಿಂದೆಯೂ ಎಂದೋ ಒಂದು ದಿನ ಒಬ್ಬ ರೈತನ ಲೆಕ್ಕದಲ್ಲಿ ಆದ ಎಡವಟ್ಟು ಇರುತ್ತದೆ. ಹೊಸದನ್ನು ಬರೆಯುವ ಹುಮ್ಮಸ್ಸಿನಲ್ಲಿ ಆ ಸಾಲು ಬಿಟ್ಟುಹೋದರೆ ಅದೇ ಎಡವಟ್ಟು ಮತ್ತೆ ಬರುತ್ತದೆ, ಈ ಸಲ ಬೇರೊಬ್ಬ ರೈತನಿಗೆ. ಇದಲ್ಲದೆ ಹೊಸದನ್ನು ಕೊಂಡುಕೊಳ್ಳಬೇಕೆಂದು ಅವರನ್ನು ಕಟ್ಟಿಹಾಕಲು ಯಾರಿಗೂ ಅಧಿಕಾರವಿಲ್ಲ. ಮಾರುಕಟ್ಟೆಯ ಗಡಿಯಾರ ಆತ್ಮಸಾಕ್ಷಿಯ ಗಡಿಯಾರವಲ್ಲ.

ಆದರೆ ಎರಡನೆಯ ನೋಟ ಬೇಕು. ಇವರು ತಮ್ಮ ಮನೆಯ ಲೆಕ್ಕಕ್ಕೆ ಮಾತ್ರ ಹಳೆಯದನ್ನು ಇಟ್ಟುಕೊಂಡಿದ್ದರೆ ಪ್ರಶ್ನೆ ಅಲ್ಲಿಗೆ ಮುಗಿಯುತ್ತಿತ್ತು. ನೂರಾರು ರೈತರ ಮುಂಗಡ, ಬಾಕಿ, ಇಪ್ಪತ್ತು ವರ್ಷಗಳ ಲೇವಾದೇವಿ ಇವರ ಪ್ರೋಗ್ರಾಮಿನೊಳಗಿದೆ. ಅವರ ಪಾಲಿಗೆ ಈಗ ಕಾನೂನು ಮಾಡುವವರು ಮೈಕ್ರೋಸಾಫ್ಟಿನವರಲ್ಲ, ಇವರೇ. ಸಂಸ್ಥೆಯ ವಿರುದ್ಧ ಇವರು ಯಾವ ಆಕ್ಷೇಪ ಎತ್ತಿದರೋ ಅದೇ ಆಕ್ಷೇಪ ಇವರ ಕಡೆಗೂ ತಿರುಗುತ್ತದೆ: ನಿಮ್ಮ ಅನುಕೂಲಕ್ಕಾಗಿ ನಮ್ಮ ದುಡಿಮೆಯ ದಾಖಲೆಯನ್ನು ಏಕೆ ಪಣಕ್ಕಿಟ್ಟಿರಿ? ಇವರು ನಾಳೆ ಹಾಸಿಗೆ ಹಿಡಿದರೆ ಆ ಸಾಲುಗಳನ್ನು ಓದಬಲ್ಲವರು ಯಾರು? ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ 2020ರ ಏಪ್ರಿಲಿನಲ್ಲಿ ಕೊರೋನಾ ಪಿಡುಗಿನ ನಡುವೆ, ಕೋಬಾಲ್ ಭಾಷೆ ಬಲ್ಲವರು ಸ್ವಯಂಸೇವಕರಾಗಿ ಬನ್ನಿರೆಂದು ಸಾರ್ವಜನಿಕವಾಗಿ ಕೇಳಿಕೊಂಡರು. ಕೆಲಸ ಕಳೆದುಕೊಂಡವರ ಭತ್ಯೆಯ ಅರ್ಜಿಗಳು ಪ್ರವಾಹದಂತೆ ಬಂದು, ದಶಕಗಳ ಹಿಂದಿನ ಪ್ರೋಗ್ರಾಮುಗಳಿಗೆ ಭಾರ ತಡೆಯಲಾಗಿರಲಿಲ್ಲ. ಕೋಬಾಲ್ 1959ರಲ್ಲಿ ರೂಪುಗೊಂಡ ಭಾಷೆ. ಅದರ ವಯಸ್ಸು ಅಪರಾಧವಲ್ಲ. ಉತ್ತರಾಧಿಕಾರಿಗಳನ್ನು ತಯಾರು ಮಾಡದೆ ಅದರ ಮೇಲೆ ಬಡವರ ಊಟವನ್ನು ನಿಲ್ಲಿಸಿದ್ದು ಅಪರಾಧ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವ ವಿಷಯ ಶಾಲಾಕಾಲೇಜುಗಳದು. ಬೋರ್ಲೆಂಡ್ ಸಂಸ್ಥೆಯ ಟರ್ಬೊ ಸಿ ಪ್ಲಸ್ ಪ್ಲಸ್ 1990ರ ದಶಕದ ಆರಂಭದ ತಂತ್ರಾಂಶ. ಆ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಸಿಕ್ಕಿದ್ದು 1998ರಲ್ಲಿ. ಅಂದರೆ ಮಾನಕಕ್ಕಿಂತ ಮೊದಲಿನ ಉಪಕರಣ ಅದು. ಆದರೂ 2010ರ ದಶಕದಲ್ಲಿಯೂ ನಮ್ಮ ದೇಶದ ಎಷ್ಟೋ ಕಾಲೇಜುಗಳ ಲ್ಯಾಬುಗಳಲ್ಲಿ, ನಮ್ಮ ರಾಜ್ಯವೂ ಸೇರಿದಂತೆ, ಮಕ್ಕಳು ಆ ನೀಲಿ ಪರದೆಯ ಮುಂದೆಯೇ ಕುಳಿತು ಕಲಿತರು. 64 ಬಿಟ್ಟಿನ ವಿಂಡೋಸ್ ಬಂದಮೇಲೆ ಅದು ನೇರವಾಗಿ ಓಡುವುದೇ ಇಲ್ಲ; ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಇನ್ನೊಂದು ತಂತ್ರಾಂಶದೊಳಗೆ ಅದನ್ನು ಕೂರಿಸಿ ಓಡಿಸಿದರು. ಹಾಗೆ ಕಲಿತ ವಿದ್ಯಾರ್ಥಿ ಕೆಲಸಕ್ಕೆ ಸೇರಿದ ಮೊದಲ ದಿನ, ತಾನು ಬಾಯಿಪಾಠ ಮಾಡಿದ ಶಿರೋಲೇಖಗಳನ್ನೂ ಪರದೆ ಒರೆಸುವ ಆದೇಶವನ್ನೂ ಇಂದಿನ ಬಹುತೇಕ ಕಂಪೈಲರುಗಳು ಒಪ್ಪುವುದಿಲ್ಲವೆಂದು ಕಂಡು ತಬ್ಬಿಬ್ಬಾಗುತ್ತಾನೆ.

ಇಲ್ಲಿ ಹೊಸದು ಯಾರನ್ನೂ ನಿರಾಶೆಗೊಳಿಸಿರಲಿಲ್ಲ. ಉಚಿತವಾಗಿ ದೊರೆಯುವ, ಮಾನಕಕ್ಕೆ ಬದ್ಧವಾದ ಉಪಕರಣಗಳು ಬಹಳ ವರ್ಷಗಳಿಂದ ಇದ್ದವು. ಪಠ್ಯಪುಸ್ತಕ ಹಾಗಿದೆ, ಪ್ರಾಯೋಗಿಕ ಪರೀಕ್ಷೆ ಹಾಗಿದೆ, ನಮಗೂ ಹಾಗೆಯೇ ಕಲಿಸಿದ್ದರು ಎಂಬುದೇ ಕಾರಣ. ಶಿಕ್ಷಕರನ್ನು ದೂಷಿಸಿ ಕೈತೊಳೆದುಕೊಳ್ಳುವ ಮನಸ್ಸು ನನಗಿಲ್ಲ. ಹಳೆಯ ಕಂಪ್ಯೂಟರುಗಳು, ಅರ್ಧ ದಿನವೇ ಇರುವ ವಿದ್ಯುತ್ತು, ಮೇಲಿನಿಂದ ಬರುವ ಪಠ್ಯಕ್ರಮ ಇವುಗಳ ನಡುವೆ ಅವರು ಕಲಿಸಿದ್ದಾರೆ. ಆದರೂ ವ್ಯತ್ಯಾಸ ಕಾಣಬೇಕು. ಮಂಡಿಯ ಪ್ರೋಗ್ರಾಮಿಗ ಹಳೆಯದರಲ್ಲಿ ಉಳಿದದ್ದು ತೂಗಿ ನೋಡಿದ ಮೇಲೆ, ಎರಡು ಸಲ ಸೋತ ಮೇಲೆ. ಇಲ್ಲಿ ತಕ್ಕಡಿಯನ್ನು ಹೊರಗೆ ತೆಗೆಯಲೇ ಇಲ್ಲ. ನಷ್ಟ ಆದದ್ದು ತೀರ್ಮಾನ ಮಾಡಿದವರಿಗಲ್ಲ, ಹದಿನೇಳು ವರ್ಷದ ಹುಡುಗ ಹುಡುಗಿಯರಿಗೆ. ಅದರಲ್ಲಿಯೂ ಮನೆಯಲ್ಲಿ ಬೇರೆ ಕಂಪ್ಯೂಟರಾಗಲಿ ಹೇಳಿಕೊಡುವವರಾಗಲಿ ಇಲ್ಲದವರಿಗೆ. ರೂಢಿಗೆ ಸಂತ ಥಾಮಸರು ಕೊಟ್ಟ ಗೌರವ ಸಾಮಾನ್ಯ ಹಿತದ ಸಲುವಾಗಿ. ಸಾಮಾನ್ಯ ಹಿತವನ್ನು ಕಳೆದರೆ ಉಳಿಯುವುದು ಮೈಗಳ್ಳತನ, ಅದಕ್ಕೆ ಅವರ ಹೆಸರಿನ ಆಸರೆ ಸಿಗಲಾರದು.

ನಮ್ಮ ಮುದ್ರಣಾಲಯಗಳ ಸಂಗತಿ ಇವೆರಡರ ನಡುವಿನದು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು. ಅದಕ್ಕೆ ಕನ್ನಡದ ಯೂನಿಕೋಡ್ ತಿಳಿಯದು. ಡಿಟಿಪಿಯವರು ಬಹುಕಾಲ ಅದನ್ನು ಬಿಡದಿರುವುದಕ್ಕೆ ಕಾರಣವಿತ್ತು: ಅದರ ಜಾಗಕ್ಕೆ ಬಂದ ಇನ್‌ಡಿಸೈನಿನಲ್ಲಿ 2012ರವರೆಗೂ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ. ಮರುವರ್ಷ, 2013ರಲ್ಲಿ, ಮುಂದಿನ ಆವೃತ್ತಿಗಳನ್ನು ಚಂದಾ ಕಟ್ಟಿಯೇ ಬಳಸಬೇಕೆಂಬ ನಿಯಮ ಬಂತು. ಬಿಡದಿದ್ದವರನ್ನು ನಾನು ಆಕ್ಷೇಪಿಸಲಾರೆ. ಆದರೆ ಹಳೆಯ ಅಕ್ಷರಶೈಲಿಗಳಲ್ಲಿ ಕೂರಿಸಿದ ಕನ್ನಡ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತ ಚಿತ್ರಗಳು. ಆ ಶೈಲಿ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಧರ್ಮಕೇಂದ್ರಗಳ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳು, ಹಿರಿಯರಿಂದ ಕೇಳಿ ಬರೆದುಕೊಂಡ ಊರಿನ ಇತಿಹಾಸಗಳು ಎಷ್ಟೋ ಸಿಡಿಗಳಲ್ಲಿ ಹೀಗೆ ಮಲಗಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಉಚಿತವಾಗಿ ಇವೆ. ನಿಮ್ಮ ಧರ್ಮಕೇಂದ್ರದ ಯುವಕರಿಗೆ ಒಂದು ಬೇಸಿಗೆ ರಜೆಯ ಕೆಲಸ.

ಮಂಡಿಯ ಪ್ರಕರಣ ಇನ್ನೂ ಬಗೆಹರಿದಿಲ್ಲ. ಅವರು ಹಳೆಯ ಭಾಷೆಯಲ್ಲೇ ಬರೆಯುತ್ತಿರಲಿ ಎಂಬುದು ನನ್ನ ತೀರ್ಪು. ಬದಲಾಯಿಸಬೇಕಾದುದು ಬೇರೆ ಕೆಲವು. ಆ ಹಳೆಯ ಕಂಪ್ಯೂಟರನ್ನು ಜಾಲಕ್ಕೆ ಎಂದಿಗೂ ಜೋಡಿಸಬಾರದು. ಮೂಲ ಸಾಲುಗಳ ಪ್ರತಿ ಮಂಡಿಯ ಮಾಲೀಕರ ಬೀರುವಿನಲ್ಲಿಯೂ ಇರಬೇಕು. ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಪ್ರತಿ ವರ್ಷ ಎಲ್ಲ ಲೆಕ್ಕವನ್ನೂ ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದಾದ ಸಾದಾ ಪಠ್ಯದ ಕಡತವಾಗಿ ತೆಗೆದಿಡಬೇಕು. ಯಾವ ಸಾಲು ಏಕೆ ಇದೆ ಎಂದು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಬೇಕು. ಇವು ದುಬಾರಿಯ ಕೆಲಸಗಳಲ್ಲ, ಕೆಲವು ಭಾನುವಾರಗಳ ಮಧ್ಯಾಹ್ನ ಸಾಕು. ಆದರೂ ಇಂಥವರಲ್ಲಿ ಹಲವರು ಇದನ್ನು ಮುಂದೂಡುತ್ತಾರೆ. 'ಎಲ್ಲ ಬರೆದುಕೊಟ್ಟರೆ ಆಮೇಲೆ ನನ್ನನ್ನು ಯಾರು ಕರೆಯುತ್ತಾರೆ?' ಎಂಬ ಮಾತು ಒಳಗೆ ಇರುತ್ತದೆ, ಹೊರಗೆ ಬರುವುದಿಲ್ಲ. ಹೊರಗೆ ಬರುವುದು ಹೊಸ ಆವೃತ್ತಿಯ ಮೇಲಿನ ಬೈಗುಳ. ಜೀವನೋಪಾಯದ ಅಂಜಿಕೆ ಸಣ್ಣದಲ್ಲ, ಅದನ್ನು ಹಾಸ್ಯ ಮಾಡಬಾರದು. ಮಾಲೀಕರು ಅದನ್ನು ಅರಿತು, ಆ ನೋಟುಪುಸ್ತಕಕ್ಕೂ ಪ್ರೋಗ್ರಾಮಿಗೆ ಕೊಟ್ಟಂತೆಯೇ ಹಣ ಕೊಡುವುದು ನ್ಯಾಯ. ಬಳಿಕ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ ಆ ಕಡತವನ್ನು ತನ್ನ ಮನೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡು, 2001ರಲ್ಲಿ ಅಡಿಕೆ ಹಾಕಿದ ಯಾವುದಾದರೊಬ್ಬ ರೈತರ ಬಾಕಿಯನ್ನು, ಅವರಿಗೆ ಒಂದೂ ಫೋನು ಮಾಡದೆ ಹುಡುಕಿ ಹೇಳಬಲ್ಲಳೇ ಎಂದು.